ತೆಳ್ಳನ ಬಟ್ಟಿ

ಕುರುಗೋಡಿನ ಗುರುಬಸಮ್ಮನ ಪ್ರಕಾರ ಜಗತ್ತಿನಲ್ಲಿ ಎರಡೇ ತರದ ಹೆಂಗಸರು: ಕೌದಿ ಹೊಲಿಯಲು ಬರುವವರು ಮತ್ತು ದಂಡಪಿಂಡಗಳು. ಮೊದಲನೆಯ ಪಂಗಡದಲ್ಲಿ ಅವಳು ತನ್ನನ್ನು ಬಿಟ್ಟು ಇನ್ನೊಬ್ಬರನ್ನು ಸೇರಿಸಿದ್ದು ಯಾರಿಗೂ ನೆನಪಿಲ್ಲ. ಅಂಥ ಮನೆಗೆ ಎಪ್ಪತ್ತಾರನೇ ಇಸವಿಯಲ್ಲಿ ಸೊಸೆಯಾಗಿ ಬಂದ ಗಾದೆಮ್ಮ ಆದೋನಿ ಕಡೆಯವಳು, ತೆಲುಗಿನಲ್ಲೇ ಬೆಳೆದವಳು, ಸೂಜಿಗೆ ದಾರ ಪೋಣಿಸಲು ನಾಲ್ಕು ಸಲ ಎಂಜಲು ಹಚ್ಚುವವಳು. ಅನ್ನದಲ್ಲಿ ಸಿಕ್ಕ ಕಲ್ಲನ್ನು ನೋಡುವಂತೆ ಅತ್ತೆ ಅವಳನ್ನು ನೋಡುತ್ತಿದ್ದಳು. ಬಾಯಿತಪ್ಪಿ ಒಂದು ತೆಲುಗು ಮಾತು ಬಂದರೆ ಸಾಕು, “ಈ ಮನ್ಯಾಗ ಮನುಷ್ಯಾರ ಮಾತು ಆಡು” ಎಂದು ಮೂತಿಗೆ ತಿವಿಯುತ್ತಿದ್ದಳು.

ಮರುವರ್ಷ ಗುರುಬಸಮ್ಮನ ಮಗಳ ಚೊಚ್ಚಲ ಬಾಣಂತನ ಮುಗಿದು, ಕೂಸನ್ನು ಸಿರುಗುಪ್ಪದ ಗಂಡನ ಮನೆಗೆ ಕಳಿಸುವ ದಿನ ಬಂತು. ತೊಟ್ಟಿಲು, ತೊಟ್ಟಿಲೊಳಗೆ ಕೌದಿ, ಎರಡೂ ತವರಿನಿಂದಲೇ ಹೋಗಬೇಕು. ಸಿರುಗುಪ್ಪದ ಬೀಗಿತ್ತಿ ಹೊನ್ನೂರಮ್ಮ ಊರ ಹೆಂಗಸರನ್ನೆಲ್ಲ ಕರೆದಿದ್ದಳು. ಅವರೆದುರು ಕೌದಿ ಬಿಚ್ಚಿ ತೋರಿಸುವುದರ ಮೇಲೆ ಗುರುಬಸಮ್ಮನ ಇಪ್ಪತ್ತು ವರ್ಷದ ಹೆಸರು ನಿಂತಿತ್ತು. ಗ್ರಹಚಾರಕ್ಕೆ ಅವಳ ಬಲಗೈ ಹೆಬ್ಬೆರಳಿಗೆ ಉಗುರುಸುತ್ತಾಗಿ ಊದಿಕೊಂಡಿತ್ತು.

ತೊಟ್ಟಿಲು ತರಲು ಬಳ್ಳಾರಿಗೆ ಹೊರಟವಳು ಹಳೆಬಟ್ಟೆಯ ಗಂಟನ್ನು ಸೊಸೆಯ ಮುಂದೆ ಎಸೆದು, “ಹೊಲಿ” ಎಂದಳು.

“ಯಾವ ಬಣ್ಣ ಹಾಕ್ಲಿರಿ, ಅತ್ತಿ?”

ಹೊಸದಾಗಿ ಹೊಲಿಯಲು ಕೂತವರು ಯಾರಾದರೂ ಮೊದಲು ಕೇಳುವುದು ಅದನ್ನೇ. ಗುರುಬಸಮ್ಮನ ತುಟಿ ಸೊಟ್ಟಗಾಯಿತು.

“ಬಣ್ಣ ಕೇಳಾಕ ಬಂದಾಳ ಮಹಾರಾಣಿ! ಕೂಸಿಗೆ ಬಣ್ಣ ಏನು ತಿಳೀತೈತಿ? ತೆಳ್ಳನ ಬಟ್ಟಿ ಹಾಕು. ತೆಳ್ಳನವು ಬಿಟ್ಟು ಬ್ಯಾರೆ ಒಂದು ಚೂರು ಹಾಕಿದ್ರ ನೋಡು ಮತ್ತ!”

ಉಟ್ಟು ಉಟ್ಟು ಸವೆದು ತೆಳುವಾದ ಬಟ್ಟೆ ಕೂಸಿನ ಮೈಗೆ ಮೆತ್ತಗಿರುತ್ತದೆ ಎಂಬುದು ಆ ಮಾತಿನ ಅರ್ಥ. ಅಷ್ಟು ಬಿಡಿಸಿ ಹೇಳಿದ್ದರೆ ಅವಳ ಗಂಟೇನು ಹೋಗುತ್ತಿತ್ತು? ಹೇಳಲಿಲ್ಲ. ಬಸ್ಸು ಹತ್ತಿದಳು.

ಬಳ್ಳಾರಿಯ ಕೌಲ್ ಬಜಾರಿನ ಬಡಿಗ ನಾಲ್ಕು ದಿನ ಸತಾಯಿಸಿದ. ಆ ನಾಲ್ಕೂ ದಿನ ಅವಳು ತಂಗಿಯ ಮನೆಯಲ್ಲಿ ಕೂತು ಸೊಸೆಯ ದಡ್ಡತನವನ್ನು ಬಂದವರಿಗೆಲ್ಲ ಬಡಿಸಿದಳು. ಸಿರುಗುಪ್ಪಕ್ಕೆ ಹೊರಡುವ ಹಿಂದಿನ ಸಂಜೆ ಮನೆಗೆ ಬಂದರೆ, ಗಂಡ ತಿಪ್ಪೇರುದ್ರಪ್ಪ ಟವೆಲ್ಲು ಸುತ್ತಿಕೊಂಡು ಜಗಲಿಯ ಮೇಲೆ ಕೂತಿದ್ದ. ಒಳಗೆ ಕೌದಿ ಹಾಸಿತ್ತು. ಅಂಚು ಬಿಳಿ, ನಡು ಬಿಳಿ, ಹಿಂದೆ ಮುಂದೆ ಎಲ್ಲ ಬಿಳಿ. ಗಂಟಿನಲ್ಲಿದ್ದ ಬಿಳಿ ಬಟ್ಟೆ ಸಾಲದೆ ಮಾವನ ಧೋತ್ರಗಳಿಗೂ ಕತ್ತರಿ ಬಿದ್ದಿತ್ತು.

“ನಿನ್ನ ಬಾಯಾಗ ಮಣ್ಣು ಹಾಕ! ಹೆಣಕ್ಕ ಹೊದಸಾಕ ಹೊಲದೀಯೇನು ಇದನ್ನ?”

“ನೀವ ಅಂದ್ರಲ್ಲರಿ, ತೆಲ್ಲನಿ ಬಟ್ಟಿ ಹಾಕು ಅಂತ,” ಎಂದಳು ಗಾದೆಮ್ಮ.

ಆದೋನಿ ಹತ್ತಿ ಬಜಾರು ಸುತ್ತಿ ತೆಲುಗು ಕಲಿತಿದ್ದ ತಿಪ್ಪೇರುದ್ರಪ್ಪ ಬಿದ್ದು ಬಿದ್ದು ನಕ್ಕ. “ಲೇ, ತೆಲುಗಿನಾಗ ತೆಲ್ಲ ಅಂದ್ರ ಬಿಳೇದು! ನೀ ತೆಳ್ಳಂದು ಅಂದಿ, ಆಕಿಗೆ ಬಿಳೇದು ಅಂತ ಕೇಳಿಸ್ತು. ನಡುವ ನನ್ನ ಧೋತ್ರ ಹೋತು!”

“ಕೂಸಿಗೆ ಯಾರಾರ ಬರೇ ಬಿಳೇದು ಹಾಕ್ತಾರೇನು? ಇನ್ನೊಮ್ಮಿ ಕೇಳಾಕ ಏನಾಗಿತ್ತು ನಿನಗ?”

“ನನಗೂ ಹಂಗ ಅನ್ನಿಸ್ತುರಿ. ಇನ್ನೊಮ್ಮಿ ಕೇಳಿದ್ರ ಮತ್ತ ಬೈತೀರಂತ ಸುಮ್ಮನಾದೆ.”

ಗುರುಬಸಮ್ಮ ಇನ್ನೊಂದಿಷ್ಟು ಬೈದಳು. ಮರುದಿನ ಮಗಳು, ಕೂಸು, ಸೊಸೆಯ ಜೊತೆ ಸಿರುಗುಪ್ಪದ ಬಜಾರಿನಲ್ಲಿ ಇಳಿದು, ಜೀವಮಾನದಲ್ಲಿ ಮೊದಲ ಸಲ ಅಂಗಡಿಯಲ್ಲಿ ಒಂದು ಹೂವಿನ ಚಾದರ ಕೊಂಡಳು.

ಹೆಂಗಸರ ನಡುವೆ ಹೊನ್ನೂರಮ್ಮ ಆ ಚಾದರ ಬಿಚ್ಚಿದಳು. ಅಂಗಡಿಯ ಚೀಟಿ ಇನ್ನೂ ಅಂಟಿಕೊಂಡಿತ್ತು.

“ಎಲ್ಲೈತ್ರಿ ಬೀಗರ, ನಿಮ್ಮ ಹೆಸರಾದ ಕೌದಿ?”

“ಸೊಸಿ ಕೆಡಸಿದ್ಲುರಿ,” ಎಂದಳು ಗುರುಬಸಮ್ಮ, ಆರತಿ ತಟ್ಟೆ ಹಿಡಿದು ನಿಂತ ಗಾದೆಮ್ಮನಿಗೂ ಕೇಳುವಂತೆ. “ಏನಂದ್ರ ಏನೂ ಬರಂಗಿಲ್ಲ ಆಕಿಗೆ.”

“ಹೌದೇನು?” ಹೊನ್ನೂರಮ್ಮ ಚಾದರವನ್ನು ಮಡಚುತ್ತಾ ಕೇಳಿದಳು, “ಯಾರು ಕಲಿಸಿದ್ರುರಿ ಆಕಿಗೆ?”

ಹೆಂಗಸರೆಲ್ಲ ಉತ್ತರಕ್ಕೆ ಕಾದರು. ಗಾದೆಮ್ಮನೂ ಕಾದಳು.