ಐದು ತೂತಿನ ಚಕ್ರ

ಶನಿವಾರ ಬೆಳಗಿನ ಐದೂಮುಕ್ಕಾಲಿಗೆ, ಸ್ಮಶಾನದ ದಾರಿಯಲ್ಲಿ, ಟ್ರೇಲರಿನ ಎಡಚಕ್ರ ಸಿಡಿಯಿತು. ಟ್ರೇಲರಿನಲ್ಲಿ ಟಿರೆಲೊನ ಶವಪೆಟ್ಟಿಗೆಯಿತ್ತು. ಹಿಂದೆ ನಡೆದು ಬರುತ್ತಿದ್ದವರ ಹಾಡು ನಿಂತಿತು.

ಎಳೆಯುತ್ತಿದ್ದುದು ಅಳಿಯ ಮೊಲೆಫಿಯ ಹೊಸ ಜೀಪು. ಹಿಂದಿನ ಸೀಟಿನಲ್ಲಿ ಕಪ್ಪು ಕಂಬಳಿ ಹೊದ್ದ ವಿಧವೆ, ಪಕ್ಕದಲ್ಲಿ ಮಗಳು ಲೊರಾಟೊ. ಬಿಸಿಲೇರುವ ಮೊದಲು ಮಣ್ಣು ಮಾಡಬೇಕು. ಸ್ಮಶಾನಕ್ಕೆ ಇನ್ನೂ ಅರ್ಧ ದಾರಿ, ಅದೂ ಹೂತುಕೊಳ್ಳುವ ಮರಳು.

ಮೊಲೆಫಿ ಜೀಪಿನ ಸ್ಟೆಪ್ನಿ ಬಿಚ್ಚಿ ಉರುಳಿಸಿಕೊಂಡು ಬಂದ. ಟಿರೆಲೊನ ಗೆಳೆಯ, ಮುದುಕ ಕೆಲಪಿಲೆ, ಅದನ್ನೊಮ್ಮೆ ನೋಡಿ ಜಾಕನ್ನು ಕೆಳಗಿಟ್ಟ.

"ಆರು ತೂತು. ಇಲ್ಲಿರೋದು ಐದು ಬೋಲ್ಟು."

"ಹೇಗಾದ್ರೂ ಕೂರ್ಸೋಕಾಗಲ್ವಾ ಮಾವ?"

"ಕೂರ್ಸು. ನಿನ್ನ ಕಾಲಿಗೆ ನನ್ನ ಹೆಂಡ್ತಿ ಚಪ್ಪಲಿ ಕೂರ್ಸಿದ ಹಾಗೆ."

ಯಾರೋ ನಕ್ಕು, ಬಾಯಿಗೆ ಕೈ ಅಡ್ಡ ಹಿಡಿದರು.

"ಟ್ರೇಲರಿನದೇ ಸ್ಟೆಪ್ನಿ ಎಲ್ಲಿ?" ವಿಧವೆಯ ಅಣ್ಣ ಮೊಡಿಸೆ ಕೇಳಿದ. "ನಮ್ಮ ಭಾವ ಸ್ಟೆಪ್ನಿ ಇಲ್ದೆ ಬಾವಿಗೂ ಹೋದೋನಲ್ಲ."

ಮೊಲೆಫಿ ಜೀಪಿನ ಕಿಟಕಿಯತ್ತ ನೋಡಿದ. ಲೊರಾಟೊ ಮುಖ ತಗ್ಗಿಸಿದಳು.

*

ಟ್ರೇಲರನ್ನು ಟಿರೆಲೊ ತಾನೇ ಕಟ್ಟಿದ್ದ. ಹಳೆ ಮಂಚದ ಕಬ್ಬಿಣ, ನೀರಿನ ಪೈಪು, ಗುಜರಿಯ ಅಚ್ಚು. ಬೆಸುಗೆಗೆ ವಾರ ಹಿಡಿಯಿತು. ಚಕ್ರ ಆರಿಸಲು ಚಳಿಗಾಲವಿಡೀ ಬೇಕಾಯಿತು.

ಸೆರೋವೆ ಪಟ್ಟಣದ ಗುಜರಿ ಅಂಗಡಿಗೆ ಅವನು ಒಂದು ರಟ್ಟು ಹಿಡಿದುಕೊಂಡು ಹೋಗುತ್ತಿದ್ದ. ತನ್ನ ಪಿಕಪ್ಪಿನ ಬೋಲ್ಟುಗಳಿಗೆ ಗ್ರೀಸ್ ಬಳಿದು ಒತ್ತಿದ ರಟ್ಟು. ಅದರ ಮೇಲೆ ಐದು ಕಪ್ಪು ಚುಕ್ಕಿ. ಸಿಕ್ಕ ಸಿಕ್ಕ ಚಕ್ರದ ಮೇಲೆ ಅದನ್ನಿಟ್ಟು ನೋಡುವುದು, ತಲೆಯಾಡಿಸುವುದು.

"ಹೊಸ ಟೈರು ಕಣಯ್ಯ, ಕಣ್ಣು ಕಾಣಲ್ವಾ?" ಎಂದು ಅಂಗಡಿಯವನು ರೇಗಿದ.

"ಹೊಸದೇ. ಆದ್ರೆ ಒಂಟಿ. ನನ್ನ ಪಿಕಪ್ ದಾರೀಲಿ ಕುಂತ್ರೆ ಟ್ರೇಲರ್ ತನ್ನ ಕಾಲು ಕೊಡ್ಬೇಕು. ಟ್ರೇಲರ್ ಕುಂತ್ರೆ ಪಿಕಪ್ ಕೊಡ್ಬೇಕು."

"ಮದುವೆ ಮಾಡಿಸ್ತಿದೀಯೇನು?" ಎಂದ ಜೊತೆಗಿದ್ದ ಕೆಲಪಿಲೆ.

"ಹೂಂ. ಹೆಣ್ಣು ಸಿಗ್ತಿಲ್ಲ."

ಕೊನೆಗೆ ಸಿಕ್ಕಿತು. ಆಮೇಲೆ ಆ ಟ್ರೇಲರು ನೀರಿನ ಪೀಪಾಯಿ, ಸೌದೆ, ಕರುಗಳು, ಮದುಮಗಳ ಬೀರು ಎಲ್ಲವನ್ನೂ ಹೊತ್ತಿತು. ಪಟ್ಟಣದ ಶವದ ಗಾಡಿ ಚರ್ಚಿನಾಚೆಯ ಮರಳಿಗೆ ಇಳಿಯುತ್ತಿರಲಿಲ್ಲ. ಹಾಗಾಗಿ ಊರಿನ ಹೆಣಗಳೆಲ್ಲ ಅದರಲ್ಲೇ ಹೋದವು. ಪಿಕಪ್ಪಿಗೂ ಟ್ರೇಲರಿಗೂ ಇದ್ದ ಒಂದೇ ಸ್ಟೆಪ್ನಿ ಮಾತ್ರ ಮನೆಯ ಹಿಂಗೋಡೆಗೆ ಒರಗಿರುತ್ತಿತ್ತು, ಹೊರಡುವಾಗ ಮೊದಲು ಹತ್ತುತ್ತಿದ್ದುದು ಅದೇ. ಗೋಡೆಯಲ್ಲಿ ದುಂಡಗೆ ಕಪ್ಪು ಗುರುತು ಬಿದ್ದಿತ್ತು.

*

ಟಿರೆಲೊ ಆಸ್ಪತ್ರೆ ಸೇರಿದ ಮೇಲೆ ಪಿಕಪ್ಪನ್ನು ಮಾರಿದರು. ಯೋಚನೆ ಮೊಲೆಫಿಯದು. ಕೊಂಡವನು ಗೋಡೆಗೊರಗಿದ್ದ ಚಕ್ರವನ್ನೂ ಕೇಳಿದ. "ತಗೊಂಡ್ಹೋಗು, ಇಲ್ಲಿದ್ರೆ ಅದರಡಿ ಚೇಳು ಸೇರ್ತವೆ ಅಷ್ಟೆ," ಎಂದ ಮೊಲೆಫಿ. ಟ್ರೇಲರು ಯಾರಿಗೂ ಬೇಡವಾಗಿ ಉಳಿಯಿತು.

ಲೊರಾಟೊ ಆಸ್ಪತ್ರೆಯಲ್ಲಿ ಅಪ್ಪನಿಗೆ ಪಿಕಪ್ ಮಾರಿದ ಸುದ್ದಿ ಹೇಳಿದಳು.

"ಹೋಗ್ಲಿ ಬಿಡು," ಎಂದ ಅವನು. "ಸ್ಟೆಪ್ನಿ ಇದೆ ತಾನೇ?"

"ಇದೆ ಅಪ್ಪ."

"ಗೋಡೆ ಹತ್ರಾನಾ?"

"ಗೋಡೆ ಹತ್ರಾನೇ."

ಅವನು ಗೋಡೆಯತ್ತ ಮಗ್ಗುಲಾಗಿ ನಿದ್ದೆಹೋದ.

*

"ಪೆಟ್ಟಿಗೇನ ಜೀಪೊಳಗೇ ಮಲಗ್ಸೋಣ," ಎಂದ ಮೊಲೆಫಿ. "ಸೀಟು ಮಡಚಿದ್ರೆ ಆಗುತ್ತೆ."

"ಮಡಚೋಕೆ ನನ್ನ ತಂಗಿ ಇಳೀಬೇಕು," ಎಂದ ಮೊಡಿಸೆ. "ಗಂಡ ಮಣ್ಣಿಗೆ ಹೋಗೋ ಮುಂಚೆ ಅವಳು ಕಾಲು ನೆಲಕ್ಕಿಡೋ ಹಾಗಿಲ್ಲ. ನಿಮ್ಮ ಕಡೆ ಏನು ಪದ್ಧತಿಯೋ, ನಮ್ಮನೇಲಿ ಹಾಗಿಲ್ಲ ಅಳಿಯಂದಿರೇ."

"ಕತ್ತೆ ಗಾಡಿ ತರ್ಸೋಣ್ವಾ?" ಹಿಂದಿನಿಂದ ಯಾರೋ ಕೇಳಿದರು.

"ಜೀವಮಾನವಿಡೀ ಕತ್ತೆ ಗಾಡಿ ನೋಡಿ ನಕ್ಕೋನು," ಎಂದ ಕೆಲಪಿಲೆ. "ಇವತ್ತು ಎದ್ದು ಕೂತ್ಕೋತಾನೆ."

ಈ ಸಲ ಯಾರೂ ನಗಲಿಲ್ಲ. ಗಂಡಸರು ಸಿಡಿದ ಚಕ್ರವನ್ನು ಸುತ್ತುವರಿದು ನಿಂತರು. ಮಾಡುವುದಕ್ಕೇನೂ ಇರಲಿಲ್ಲ. ಪೂರ್ವದ ಮುಳ್ಳುಮರಗಳ ಹಿಂದೆ ಆಕಾಶ ಬೆಳ್ಳಗಾಗುತ್ತಿತ್ತು. ಮೊಡಿಸೆ ಕೋಟು ಬಿಚ್ಚಿ ಟ್ರೇಲರಿಗೆ ನೇತುಹಾಕಿ, ಪೆಟ್ಟಿಗೆಯ ತಲೆಯ ಕಡೆ ಹೆಗಲು ಕೊಟ್ಟ.

ಮರಳಿನಲ್ಲಿ ಹೊತ್ತವರ ಕಾಲು ಮೀನಖಂಡದವರೆಗೆ ಇಳಿಯಿತು. ಪೆಟ್ಟಿಗೆ ಎರಡು ಸಲ ವಾಲಿತು. ಟ್ರೇಲರು ಕಳಚಿದ ಜೀಪು ವಿಧವೆಯನ್ನು ಕೂರಿಸಿಕೊಂಡು ಹಿಂದಿನಿಂದ ನಿಧಾನ ಬಂತು. ಲೊರಾಟೊ ಇಳಿದು ಕೆಲಪಿಲೆಯ ಪಕ್ಕ ನಡೆದಳು.

"ನಾನು ಇದೆ ಅಂದಿದ್ದೆ ಮಾವ. ಸ್ಟೆಪ್ನಿ."

"ನನ್ನನ್ನೂ ಕೇಳಿದ್ದ," ಎಂದ ಮುದುಕ. "ನಾನೂ ಇದೆ ಅಂದೆ."

ಗುಂಡಿ ಮುಚ್ಚುವಾಗ ಬಿಸಿಲು ಬಲವಾಗಿತ್ತು. ಪಾದ್ರಿ ಪ್ರಾರ್ಥನೆಯನ್ನು ಚಿಕ್ಕದು ಮಾಡಿದರು. ಮನೆಯ ಬಾಗಿಲಲ್ಲಿ ಲೋಳೆಸರ ಹಾಕಿದ ನೀರಿನಲ್ಲಿ ಎಲ್ಲರೂ ಕೈ ತೊಳೆದು ಊಟಕ್ಕೆ ಕೂತರು.

ಲೊರಾಟೊ ಕೂರಲಿಲ್ಲ. ಕೆಲಪಿಲೆಯ ಜಾಕು, ಬೋಲ್ಟು ಬಿಚ್ಚುವ ಪಾನ ತೆಗೆದುಕೊಂಡು ಹಿಂದಿರುಗಿ ಹೋಗಿ, ಟ್ರೇಲರಿನ ಬಲಚಕ್ರ ಬಿಚ್ಚಿದಳು. ಅದನ್ನು ಮರಳಿನಲ್ಲಿ ಉರುಳಿಸುತ್ತ ಮನೆಗೆ ತಂದು, ಹಿಂಗೋಡೆಯ ದುಂಡನೆಯ ಗುರುತಿಗೆ ಸರಿಯಾಗಿ ಒರಗಿಸಿಟ್ಟಳು.

ಮುಂದಿನ ಶನಿವಾರ ಚರ್ಚಿನ ಗಂಟೆ ಹೊಡೆಯುವವನ ತಾಯಿಯನ್ನು ಮಣ್ಣು ಮಾಡಿದರು. ಪೆಟ್ಟಿಗೆ ಹೆಗಲ ಮೇಲೆ ಹೋಯಿತು. ಅರ್ಧ ದಾರಿಯಲ್ಲಿ, ಇನ್ನೂ ಅಲ್ಲೇ ಬಿದ್ದಿದ್ದ ಟ್ರೇಲರನ್ನು ಸುತ್ತುಹಾಕಿಕೊಂಡು ನಡೆಯಬೇಕಾಯಿತು.