ಎರಡನೇ ಪಾಳಿ

ಮರಾಠಿ ಸೀಮೆಯ ಧನಕವಡಿಯ ನಮ್ಮ ಕನ್ನಡ ಸಂಘದಲ್ಲಿ ಎಲ್ಲರೂ ಸಮಾನರು. ಅಧ್ಯಕ್ಷ ಕಾಂತಪ್ಪನವರೇ ಪ್ರತಿ ರಾಜ್ಯೋತ್ಸವದಲ್ಲಿ ಹಾಗೆ ಭಾಷಣ ಮಾಡುತ್ತಿದ್ದರು, ಅವರ ಹೋಟೆಲಿನ ಇಡ್ಲಿ ತಿಂದ ನಾವು ಚಪ್ಪಾಳೆ ತಟ್ಟುತ್ತಿದ್ದೆವು. ಸಂಘದವರೇ ಆದ ಗಾರೆ ಕೆಲಸದ ಹೆಂಗಸರು ಆಗ ಹಿತ್ತಲಲ್ಲಿ ತಟ್ಟೆ ತೊಳೆಯುತ್ತಿದ್ದರು.

೨೦೦೩ರಲ್ಲಿ ಅವರ ಪೈಕಿ ಚಂದಮ್ಮ, ಹಾಡು ಕಲಿಸುವ ನನ್ನ ಹತ್ತಿರ ಬಂದಳು. "ಅಕ್ಕೋರ, ಈ ಸಲ ನಾವೂ ಸ್ಟೇಜ್ ಮ್ಯಾಲ ಹಾಡ್ತೀವ್ರಿ. ಅವ್ವ ಬರೇ ತಟ್ಟಿ ತೊಳಿಲಾಕ ಬರ್ತಾಳಂತ ನನ್ನ ಮಗಳು ತಿಳ್ಕೊಂಡಾಳ."

"ಅವ್ರಿಗೆ ಓದ್ಲಿಕ್ಕೆ ಬರುದಿಲ್ಲ ಅಲ್ವಾ ಮಾರಾಯ್ರೇ? ಪೇಪರ್ ಇಲ್ಲದೆ ಎಂತ ಹಾಡುದು?" ಎಂದರು ಕಾಂತಪ್ಪ. ಕಾಗದ ಕೈಯಲ್ಲಿದ್ದರೂ ಅವರ ಹೆಂಡತಿ ಸ್ವರ್ಣಲತಾಗೆ ಶ್ರುತಿ ಸಿಗುವುದಿಲ್ಲ, ಅದನ್ನು ಕೇಳುವವರು ಯಾರು! ಕೊನೆಗೆ ಕಾಂತಪ್ಪ ಒಪ್ಪಿದರು. ಆದರೆ ಶನಿವಾರದೊಳಗೆ ಹಾಡು ಕೂಡದಿದ್ದರೆ ಚಂದಮ್ಮನ ತಂಡ ಮತ್ತೆ ಹಿತ್ತಲಿಗೆ.

ಎರಡು ತಂಡ ಕೂಡಿ ಹಾಡಲೆಂದು ಮೂರೇ ಸಾಲಿನ ಗುರುಸ್ತುತಿ ಆರಿಸಿದೆ. ಪ್ರತಿ ವರ್ಷ ಹಾಡುವ ಸ್ವರ್ಣಲತಾ ತಂಡ ಎರಡನೇ ಸಾಲಿಗೆ ಹೋದಾಗ ಚಂದಮ್ಮನ ತಂಡ ಮೊದಲ ಸಾಲು ಎತ್ತಬೇಕು, ಹಾಗೇ ಬೆನ್ನು ಹತ್ತಿ ಮೂರು ಸುತ್ತು. "ಅವರು ಮೊದಲ್ನೇ ಪಾಳಿ, ನೀವು ಎರಡನೇ ಪಾಳಿ" ಎಂದೆ. ನನ್ನ ಬಾಯಿಗಿಷ್ಟು ಮಣ್ಣು! ಸ್ವರ್ಣಲತಾ ಹಾಡಿ ಮುಗಿಸುವವರೆಗೂ ಇವರು ಕೈಕಟ್ಟಿ ನಿಂತರು.

"ಯಾಕ ಸುಮ್ನ ನಿಂತ್ರಿ?"

"ಮೊದಲ್ನೇ ಪಾಳಿ ಬಿಡದ ಎರಡನೇದು ಹ್ಯಾಂಗ ಒಳಗ ಹೋಗ್ತದ್ರಿ?" ಎಂದಳು ಚಂದಮ್ಮನ ತಂಡದ ಹುಲಿಗೆವ್ವ. ಅವಳ ಗಂಡ ರಾಂಜಣಗಾಂವದ ಕಾರ್ಖಾನೆಯಲ್ಲಿ ಪಾಳಿ ಕೆಲಸದವನು.

ಹಣೆ ಚಚ್ಚಿಕೊಂಡೆ. "ಸ್ಲ್ಯಾಬ್ ಹಾಕೋವಾಗ ಒಂದು ಬುಟ್ಟಿ ಮ್ಯಾಲ ಮುಟ್ಟೋತನಾ ಎರಡನೇದು ಕೆಳಗ ಕಾಯ್ತದೇನು?"

"ಕಾದ್ರ ಕೆಲಸ ಮಾಡ್ಸೋ ಮುಕಾದಮ ಬಿಡ್ತಾನೇನ್ರಿ!"

"ಹಂಗ ಹಾಡ್ರಿ ಮತ್ತ."

ಖಾಲಿ ಬುಟ್ಟಿಗಳನ್ನು ಕೈಯಿಂದ ಕೈಗೆ ದಾಟಿಸುತ್ತ ಹಾಡಿಸಿದೆ. ಅರ್ಧ ಗಂಟೆಯಲ್ಲಿ ಕೂಡಿತು. "ನಾವು ಹಾಡುವಾಗ ಮಧ್ಯೆ ಬಾಯಿ ಹಾಕುದು ಎಂತ ಮರ್ಯಾದೆ?" ಎಂದು ಸ್ವರ್ಣಲತಾ ಮುಖ ಊದಿಸಿಕೊಂಡರು.

ರಾಜ್ಯೋತ್ಸವದ ದಿನ ಹಾಡು ಎರಡನೇ ಸುತ್ತಿನಲ್ಲಿರುವಾಗಲೇ ಮುಖ್ಯ ಅತಿಥಿಯ ಕಾರು ಬಂತು. ಹಾರ ಹಿಡಿದ ಕಾಂತಪ್ಪ ಕೈ ಎತ್ತಿದರು. ಸ್ವರ್ಣಲತಾ ತಂಡ ಅರ್ಧ ಸಾಲಿಗೇ ಬಾಯಿ ಮುಚ್ಚಿತು. ಚಂದಮ್ಮನವರು ಹಾಡುತ್ತಲೇ ಇದ್ದರು.

"ನಿಲ್ಸಿ ಮಾರಾಯ್ತೀ, ಅತಿಥಿಗಳು ಬಂದ್ರು!"

"ಸ್ಲ್ಯಾಬ್ ನಡುವ ಬಿಟ್ರ ಸೋರ್ತದ್ರಿ ಸಾಹೇಬ್ರ" ಎಂದವಳೇ ಚಂದಮ್ಮ ಮುಂದಿನ ಸಾಲು ಹಿಡಿದಳು.

ದೇವರ ಹಾಡೆಂದು ಅತಿಥಿ ಕೈಮುಗಿದು ನಿಂತುಬಿಟ್ಟರು. ಕಾಂತಪ್ಪನವರೂ ಕೈಮುಗಿಯಬೇಕಾಯಿತು, ಹಾರ ಮೊಣಕೈಗೆ ಜೋತಾಡುತ್ತಿತ್ತು. ಅತಿಥಿಯ ಕುರ್ಚಿಯಲ್ಲಿ ಚಂದಮ್ಮನ ಮಗಳು ಕಾಲು ಆಡಿಸುತ್ತ ಕುಳಿತು ಅವ್ವನನ್ನೇ ನೋಡುತ್ತಿದ್ದಳು. ನನಗೆ ಕಣ್ಣು ತುಂಬಿ ಬಂತು, ಯಾಕೆ ಸುಳ್ಳು ಹೇಳಲಿ.

ಊಟವಾದ ಮೇಲೆ ಕಾಂತಪ್ಪ ತಟ್ಟೆಗಳ ರಾಶಿಯ ಮುಂದೆ ನಿಂತು ಕೂಗಿದರು: "ಇದನ್ನೆಲ್ಲ ಯಾರು ತೊಳೆಯುದು?"

ಚಂದಮ್ಮ ಮಗಳ ಕೈ ಹಿಡಿದುಕೊಂಡು ಗೇಟಿನ ತನಕ ಹೋಗಿದ್ದವಳು ತಿರುಗಿದಳು.

"ಹನ್ನೊಂದು ವರ್ಷ ಮೊದಲ್ನೇ ಪಾಳಿ ನಾವು ಮಾಡೀವ್ರಿ. ಎರಡನೇದು ನಿಮ್ದು."