ಗದ್ದೆಯ ಬಸುರಿಗೆ ಎಲೆ, ಮನೆಯ ಬಸುರಿಗೆ?

ಭೂಮಿ ಹುಣ್ಣಿಮೆ ಬಂತೆಂದರೆ ಕುಪ್ಪಗಡ್ಡೆಯ ಮಹಾದೇವಮ್ಮನ ಕಾಲು ನೆಲದ ಮೇಲೆ ನಿಲ್ಲುವುದಿಲ್ಲ. ತೆನೆಯನ್ನು ಒಡಲಲ್ಲೇ ಇಟ್ಟುಕೊಂಡು ಹೊಡೆ ತುಂಬಿದ ಭತ್ತದ ಗದ್ದೆಗೆ, ಬಸುರಿಗೆ ಬಡಿಸಿದಂತೆ ಬಡಿಸಬೇಕಲ್ಲ! ಈ ಸಲ ಮನೆಯಲ್ಲೂ ಒಬ್ಬ ಬಸುರಿ. ಸೊಸೆ ಶರಣ್ಯಳಿಗೆ ಏಳು ತಿಂಗಳು. "ಭೂಮ್ತಾಯಿಗೆ ಬಡ್ಸಿ ಬಂದು ನಿಂಗೂ ಹಂಗೇ ಬಡಿಸ್ತೀನಿ ಕಣೇ" ಎಂದು ಅತ್ತೆ ವಾರದಿಂದ ಹೇಳುತ್ತಿದ್ದಳು.

ಹಬ್ಬದ ಹಿಂದಿನ ಸಂಜೆ ಸೌತೆಕಾಯಿ ಕಡುಬು ಬೇಯಿಸಲು ಕೂತಳು. ಗದ್ದೆಗೆ ಒಯ್ಯುವ ಕಡುಬು ಬಾಳೆಲೆಯಲ್ಲೇ ಬೇಯಬೇಕು, ಅದು ಶಾಸ್ತ್ರ. ಮನೆಯವರ ಪಾಲಿಗೆ ಮಾತ್ರ ಸುಲಭದ ದಾರಿ ಕಂಡುಕೊಂಡಿದ್ದಳು. ಇಡ್ಲಿ ತಟ್ಟೆಗೆ ಪ್ಲಾಸ್ಟಿಕ್ ಹಾಳೆ ಹಾಸಿ, ಮೇಲೆ ಹಿಟ್ಟು ಹೊಯ್ಯುವುದು. ಎಲೆ ಬಾಡಿಸುವ ರಗಳೆಯಿಲ್ಲ, ಕಡುಬು ಅಂಟುವುದೂ ಇಲ್ಲ.

ಪಕ್ಕದ ಮನೆಯ ಸೌಂದರ್ಯ ಕಾಯಿ ತುರಿಯಲು ಬಂದಿದ್ದಳು. ಮದುವೆಗೆ ಮುಂಚೆ ಶಿಕಾರಿಪುರದಲ್ಲಿ ಪ್ಲಾಸ್ಟಿಕ್ ಬಕೆಟ್ ಮಾಡುವ ಶೆಡ್ಡಿನಲ್ಲಿ ದುಡಿದವಳು. ಹಾಳೆ ಕಂಡವಳೇ ತುರಿಮಣೆ ಬಿಟ್ಟು ಎದ್ದಳು.

"ದೊಡ್ಡಮ್ಮ, ಹಬೆಗೆ ಪ್ಲಾಸ್ಟಿಕ್ ಇಡ್ತೀರೇನ್ರೀ?"

"ಇಟ್ರೆ ಏನಾತೇ? ಕರಗಿ ಹೋಗಿಲ್ಲ, ಸುಟ್ಟು ಹೋಗಿಲ್ಲ. ತಿಂದೋರೆಲ್ಲ ಗುಂಡುಕಲ್ಲಿನ ಹಂಗಿದಾರೆ!"

"ಕರಗೋ ತನಕ ಕಾಯ್ಬೇಕಾಗಿಲ್ಲ. ಶೆಡ್ಡಲ್ಲಿ ಕಾಳಿನಂಥ ಪ್ಲಾಸ್ಟಿಕ್ ಕಾಯಿಸಿ, ಮೆತ್ತಗಾದ್ಮೇಲೆ ಅಚ್ಚಿಗೆ ಒತ್ತಿ ತಣಿಸ್ತಿದ್ವಿ. ಗಟ್ಟಿ ಆತು ಅಂತ ಅದರ ಹುಟ್ಟುಗುಣ ಹೋಗಲ್ಲ. ಬಿಸಿ ತಾಗಿದ್ರೆ ಮತ್ತೆ ಮೆತ್ತಗಾಗ್ತದೆ. ಬಣ್ಣಕ್ಕೆ, ಬಾಗೋದಕ್ಕೆ ಅಂತ ಬೆರೆಸಿದ ರಾಸಾಯನಿಕ ಇರ್ತಾವಲ್ಲ, ಅವು ಬಿಸಿ ಊಟಕ್ಕೆ ಇಳೀತಾವೆ. ಎಣ್ಣೆ ಜಿಡ್ಡಿದ್ರೆ ಇನ್ನೂ ಜಾಸ್ತಿ. ಒಂದೇ ತುತ್ತಿಗೆ ಏನೋ ಆಗ್ತದೆ ಅಂತಲ್ಲ, ದಿನಾ ಸೇರ್ತಾ ಹೋದ್ರೆ ಒಳ್ಳೇದಲ್ಲ. ಹೊಟ್ಟೇಲಿರೋ ಕೂಸಿಗಂತೂ ಬೇಡವೇ ಬೇಡ."

ಮಹಾದೇವಮ್ಮ ಮೂತಿ ತಿರುವಿದಳು. ಬೆಂದ ತಟ್ಟೆ ಇಳಿಸಿ ಹಾಳೆ ಬಿಡಿಸಿದಳು. ಇಟ್ಟಾಗ ನೆಟ್ಟಗಿದ್ದ ಹಾಳೆ ಸುಕ್ಕಾಗಿ ಮುದುಡಿತ್ತು. ಮೂಸಿದಳು. ಸೌತೆಕಾಯಿಯ ಘಮದ ಜೊತೆ ಇನ್ನೇನೋ ವಾಸನೆ.

"ಅಲ್ರೀ ದೊಡ್ಡಮ್ಮ, ಗದ್ದೇಲಿರೋ ಬಸುರಿಗೆ ಎಲೆ, ಮನೇಲಿರೋ ಬಸುರಿಗೆ ಪ್ಲಾಸ್ಟಿಕ್ಕಾ?"

ಬಾಗಿಲಲ್ಲಿ ಶರಣ್ಯ ಹೊಟ್ಟೆಯ ಮೇಲೆ ಕೈಯಿಟ್ಟು ನಿಂತಿದ್ದಳು. ಮಹಾದೇವಮ್ಮ ಸೊಸೆಯ ಹೊಟ್ಟೆ ನೋಡಿ ಹಾಳೆಯನ್ನು ಕೆಳಗೆ ಹಾಕಿದಳು. ಆ ಕಡುಬನ್ನು ಹಸುವಿಗಾದರೂ ಹಾಕೋಣವೆಂದು ಎತ್ತಿಕೊಂಡಳು. ಅದೂ ಗಬ್ಬದ ಹಸು! ಸೀದಾ ತಿಪ್ಪೆಗೆ ಸುರಿದಳು. ಆಮೇಲೆ ಮಗನನ್ನು ಕೂಗಿ, "ಕೊಟ್ರೇಶಾ, ಹಿತ್ತಲಿಂದ ಇನ್ನೊಂದಷ್ಟು ಬಾಳೆಲೆ ಕೊಯ್ಕೊಂಡು ಬಾರೋ" ಎಂದಳು.

ಮರುದಿನ ಗದ್ದೆಗೆ ಬಡಿಸಿ ಬಂದು ಸೊಸೆಗೂ ಬಡಿಸಿದಳು. ಎಲೆ ಬಿಡಿಸುವಾಗಲೇ ಶರಣ್ಯಳ ಬಾಯಲ್ಲಿ ನೀರೂರಿತು. "ಇನ್ನೊಂದು ಹಾಕ್ರಿ ಅತ್ತೆ" ಅಂದಾಗ ಮಹಾದೇವಮ್ಮನಿಗೆ ಅರ್ಧ ಹೊಟ್ಟೆ ತುಂಬಿತು.

ಅಕ್ಕಂದಿರೇ, ಅಣ್ಣಂದಿರೇ, ಹಬೆಯ ಅಡುಗೆಗೆ ಎಲೆ ಇದೆ, ಹತ್ತಿಬಟ್ಟೆ ಇದೆ. ಹೋಟೆಲಿಂದ ಬಿಸಿ ಸಾಂಬಾರು ತರಲು ಕವರ್ ಬೇಡ, ಸ್ಟೀಲ್ ಕ್ಯಾರಿಯರ್ ಒಯ್ಯಿರಿ. ಬಚ್ಚಲ ಒಲೆ ಹೊತ್ತಿಸಲು ಹಾಲಿನ ಕವರ್ ತುರುಕಬೇಡಿ, ಆ ಹೊಗೆ ಮನೆಯವರ ಎದೆಗೇ ಹೋಗುತ್ತದೆ. ಪೈರಿಗೆ ತೋರುವ ಅಕ್ಕರೆಯನ್ನು ಮನೆಯ ಕೂಸಿಗೂ ತೋರಿ. ಇವತ್ತಿನ ಅಡುಗೆಯಿಂದಲೇ ಶುರು ಮಾಡಿ.